ಅಲಸಂದೆಯ ಎಲೆ ಹಳದಿಯಾಗುವದಕ್ಕೆ ಕಾರಣಗಳು

ತರಕಾರಿಯ ಎರಡು ಬೆಳೆಗಳ ನಡುವೆ ಹಿತ್ತಲಿನ ನೆಲವನ್ನು ಬರಿದಾಗಿ ಬಿಡದೆ, ಅಲಸಂದೆ, ಹುರುಳಿ, ಸೆಣಬು ಮೊದಲಾದವುಗಳನ್ನು ಬಿತ್ತಿ, ಹೂವಾಡುವ ಸಮಯದಲ್ಲಿ ಕೊಯ್ದು ಮಣ್ಣಿಗೆ ಸೇರಿಸುವ ಕ್ರಮವು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. ಇದನ್ನು ಹೊದಿಕೆ ಬೆಳೆ ಎನ್ನುತ್ತಾರೆ. ನೆಲಕ್ಕೆ ಬಲ ಕೊಡಬೇಕಾದ ಈ ಬೆಳೆಯೇ ಬಲಹೀನವಾದರೆ ಮಾಡತಕ್ಕದ್ದೇನು? ಈ ಪ್ರಶ್ನೆಯು ಬೆಂಗಳೂರಿನ ಪಡುವಣ ಭಾಗದ ಅತ್ತಿಗುಪ್ಪೆಯಲ್ಲಿ ನಮಗೆ ಎದುರಾಯಿತು.

ಅತ್ತಿಗುಪ್ಪೆಯು ಈಗ ಹಳ್ಳಿಯಲ್ಲ. 2015ರಿಂದ ಮೆಟ್ರೋ ರೈಲು ಅಲ್ಲಿ ನಿಲ್ಲುತ್ತದೆ. ಮನೆಗೆ ಮನೆ ತಾಗಿಕೊಂಡಿವೆ. ಒಂದು ಮನೆಯ ಹಿಂದಿನ ನಾಲ್ಕು ಮಾರು ನೆಲದಲ್ಲಿ ಅಜ್ಜಿಯೊಬ್ಬರು ಸೊಪ್ಪು ಬೆಳೆದು, ನೆರೆಯವರಿಗೆ ಮಾರಿ, ತಮ್ಮ ಔಷಧದ ಖರ್ಚನ್ನು ನಡಿಸುತ್ತಿದ್ದರು. ಇಳುವರಿ ಕುಂದಿದ್ದರಿಂದ, ಎರಡು ತಿಂಗಳು ಸೊಪ್ಪನ್ನು ನಿಲ್ಲಿಸಿ ಅಲಸಂದೆ ಬಿತ್ತಿರೆಂದು ಹೇಳಿದವರು ನಾವೇ. ಆದಕಾರಣ ಅದು ಕೆಟ್ಟರೆ ನಷ್ಟವು ಅವರದು, ಹೊಣೆಯು ನಮ್ಮದು.

ಮೂರು ವಾರಗಳಲ್ಲಿ ಗಿಡಗಳು ಹಳದಿಗಟ್ಟಿದವು. ನಾವು ಬಾಗಿಲಲ್ಲಿ ನಿಂತೇ ನೋಡಿ, ಸಾರಜನಕ ಸಾಲದೆಂದು ನಿಶ್ಚಯಿಸಿ, ಯೂರಿಯಾ ಹಾಕಿಸಿದೆವು. ಹತ್ತು ದಿನಗಳಾದರೂ ಗುಣ ಕಾಣಲಿಲ್ಲ. “ಅಲ್ಲಪ್ಪಾ, ಕೆಳಗಿನ ಎಲೆ ಹಸಿರಾಗಿಯೇ ಇದೆ, ಚಿಗುರು ಮಾತ್ರ ಬೆಳ್ಳಗಾಗಿದೆ, ಇದೆಂಥ ಹಸಿವು?” ಎಂದು ಅಜ್ಜಿಯವರು ಕೇಳಿದ ಮೇಲೆಯೇ ನಾವು ನೆಲದಲ್ಲಿ ಕುಳಿತು ನೋಡಿದೆವು.

ಮೊದಲು ಕೇಳಬೇಕಾದ ಪ್ರಶ್ನೆಯು ಅದೇ: ಯಾವ ಎಲೆ ಮೊದಲು ಹಳದಿಯಾಯಿತು? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಮ್ ಇವು ಗಿಡದೊಳಗೆ ಸಂಚರಿಸುವಂಥವು. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಅವುಗಳನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಆದದರಿಂದ ಕೆಳಗಿನ ಎಲೆ ಮೊದಲು ಕೆಡುವದು. ಕಬ್ಬಿಣವು ಹಾಗಲ್ಲ. ಒಂದು ಎಲೆಯನ್ನು ಸೇರಿದ ಮೇಲೆ ಬಹುಮಟ್ಟಿಗೆ ಅಲ್ಲಿಯೇ ಉಳಿಯುವದು. ಅದು ಸಾಲದೆ ಹೋದರೆ ಚಿಗುರಿಗೇ ಕೇಡು. ನರಗಳು ಹಸಿರಾಗಿಯೂ ನಡುವಿನ ಭಾಗವು ಹಳದಿಯಾಗಿಯೂ ಕಾಣುತ್ತದೆ. ಅಜ್ಜಿಯವರ ಅಲಸಂದೆಯು ಸರಿಯಾಗಿ ಹೀಗೆಯೇ ಇತ್ತು.

ಸಾರಜನಕದ ಕೊರತೆಯಾದರೆ ಕೆಳಗಿನ ಎಲೆಯು ನರಸಹಿತವಾಗಿ ಒಂದೇ ಸಮನೆ ಹಳದಿಯಾಗುವದು. ದ್ವಿದಳ ಬೆಳೆಯಲ್ಲಿ ಇದನ್ನು ಕಂಡರೆ ಗೊಬ್ಬರಕ್ಕಿಂತ ಮೊದಲು ಬೇರನ್ನು ನೋಡಬೇಕು. ಬಿತ್ತಿ ನಾಲ್ಕೈದು ವಾರಗಳಾದ ಒಂದು ಗಿಡವನ್ನು ಎಳೆಯದೆ, ಮಣ್ಣುಸಹಿತ ಅಗೆದು ತೆಗೆದು, ನೀರಿನಲ್ಲಿ ತೊಳೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿರಿ. ಒಳಗೆ ಕೆಂಪು ಛಾಯೆ ಇದ್ದರೆ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ. ಬಿಳಿಯಾಗಿಯೋ ಬೂದುಬಣ್ಣವಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲ. ನಾವು ತೆಗೆದ ಗಿಡದಲ್ಲಿ ಗಂಟುಗಳು ವಿರಳವಾಗಿದ್ದು ಒಳಗೆ ಬಿಳುಪಾಗಿದ್ದವು. ನಾವು ಹಾಕಿಸಿದ ಯೂರಿಯಾ ಅವುಗಳಿಗೆ ಸಹಾಯ ಮಾಡಿರಲಾರದು. ಸಾರಜನಕವು ಮಣ್ಣಿನಲ್ಲಿ ಧಾರಾಳವಾಗಿ ಸಿಕ್ಕಿದರೆ ಗಿಡವು ಗಂಟು ಕಟ್ಟುವ ಶ್ರಮವನ್ನು ಕಡಿಮೆ ಮಾಡುವದು.

ಎಲ್ಲಾ ಗಂಟುಗಳೂ ಒಳ್ಳೆಯವಲ್ಲ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿರುವದು, ಬೆರಳಿನಿಂದ ಉಜ್ಜಿದರೆ ಕಳಚುವದು. ಬೇರೇ ಊದಿಕೊಂಡು, ಉಜ್ಜಿದರೂ ಬಾರದಿದ್ದರೆ ಅದು ಜಂತುಹುಳುವಿನ ಬಾಧೆ. ಹಾಗೆಯೇ ಹುರುಳಿಯ ಎಲೆಯಲ್ಲಿ ಹಳದಿಯೂ ಹಸಿರೂ ಕ್ರಮವಿಲ್ಲದೆ ಚೂರುಚೂರಾಗಿ ಬೆರೆತಿದ್ದರೆ ಅದು ಬಿಳಿನೊಣ ತರುವ ಹಳದಿ ನಂಜುರೋಗ. ಅಂಥ ಗಿಡಕ್ಕೆ ಗೊಬ್ಬರ ಹಾಕುವದು ವ್ಯರ್ಥ, ಕಿತ್ತುಹಾಕಬೇಕು.

ಹಳ್ಳಿಯ ಕೆಂಪು ನೆಲದವರು ಹೆಚ್ಚಾಗಿ ಕಾಣುವದು ರಂಜಕದ ಕೊರತೆ. ಹಳದಿ ಇಲ್ಲದ್ದರಿಂದ ಇದು ಕಣ್ಣಿಗೆ ಬೀಳುವದಿಲ್ಲ: ಎಲೆ ಮಂಕಾದ ದಟ್ಟ ಹಸಿರು, ಗಿಡ ಕುಳ್ಳು. ಹುಳಿ ಗುಣದ ಕೆಂಪು ಮಣ್ಣಿನಲ್ಲಿರುವ ಕಬ್ಬಿಣವೂ ಅಲ್ಯುಮಿನಿಯಮ್ಮೂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಳಗಿನ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಎಂದು ಸಂಶಯಪಡಬಹುದು.

ಹಾಗಾದರೆ ಕಬ್ಬಿಣದಿಂದಲೇ ಕೆಂಪಾದ ನೆಲದಲ್ಲಿ ಕಬ್ಬಿಣಕ್ಕೆ ಬರವೇಕೆ? ಒಂದು ಗೇಣು ಅಗೆದಾಗ ತಿಳಿಯಿತು. ಮನೆ ಕಟ್ಟಿದವರು ಗಾರೆ, ಸಿಮೆಂಟಿನ ಚೂರುಗಳನ್ನು ಅಲ್ಲಿಯೇ ಹೂಳಿದ್ದರು. ಒಣ ಮಣ್ಣಿನ ಮೇಲೆ ನಿಂಬೆಹಣ್ಣಿನ ರಸ ಬಿಟ್ಟಾಗ ನೊರೆ ಬಂತು. ಇದು ಸುಣ್ಣದ ಗುರುತು. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಕರಗಿ ಸಿಕ್ಕದು. ಕಣಜ ತುಂಬಿದ್ದು ಬೀಗ ಹಾಕಿದಂತೆ.

ಆದರೂ ಈ ಸಾರಿ ನಾವು ಅವಸರಪಡಲಿಲ್ಲ. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಸಂಜೆಯಲ್ಲಿ, ನಾಲ್ಕು ಗಿಡಗಳಿಗೆ ಮಾತ್ರ ಸಿಂಪಡಿಸಿ, ಪಕ್ಕದ ನಾಲ್ಕನ್ನು ಹಾಗೆಯೇ ಬಿಟ್ಟೆವು. (ಅನ್ನಭೇದಿಯು ತಿಳಿ ಹಸಿರಾಗಿರಬೇಕು, ಕಂದುಬಣ್ಣಕ್ಕೆ ತಿರುಗಿದ್ದು ಕೆಲಸಕ್ಕೆ ಬಾರದು.) ಒಂದು ವಾರದೊಳಗೆ ಆ ನಾಲ್ಕು ಗಿಡಗಳ ಚಿಗುರು ಹಸಿರಾಯಿತು, ಉಳಿದ ನಾಲ್ಕು ಹಾಗೆಯೇ ಇದ್ದವು. ಬಳಿಕ ಎಲ್ಲಕ್ಕೂ ಸಿಂಪಡಿಸಿದೆವು. ಅನ್ನಭೇದಿಯನ್ನು ಮಣ್ಣಿಗೆ ಹಾಕುವದರಿಂದ ಅಂಥ ನೆಲದಲ್ಲಿ ಪ್ರಯೋಜನ ಸ್ವಲ್ಪವೇ; ಸುಣ್ಣವು ಅದನ್ನೂ ಕಟ್ಟಿಹಾಕುವದು.

ಹೊಲವಿರುವವರು ಎಂಟು ಹತ್ತು ಕಡೆ ಅರ್ಧ ಅಡಿ ಆಳದ ವರೆಗೆ ಮಣ್ಣು ತೆಗೆದು, ಬೆರಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕಳುಹಿಸುವದು ಉತ್ತಮ. ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಶೋಧಿಸುವದಕ್ಕಾಗಿ 1899ರಲ್ಲಿಯೇ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು, ಡಾಕ್ಟರ್ ಲೆಹ್ಮನ್‌ರ ಕೈಯಲ್ಲಿ ಪ್ರಯೋಗಶಾಲೆ ಇಡಿಸಿದ್ದರು.

ಅಜ್ಜಿಯವರ ಅಲಸಂದೆಯು ಹೂವಾಡುವದರೊಳಗೆ ಅರ್ಧ ಮಾತ್ರ ಚೇತರಿಸಿತು. ಅದನ್ನು ಕೊಯ್ದು ಮಣ್ಣಿಗೆ ಸೇರಿಸಿ, ಗಾರೆಯ ಚೂರುಗಳನ್ನು ಹನ್ನೊಂದು ಬುಟ್ಟಿ ಆರಿಸಿ ಹೊರಹಾಕಿದೆವು. ಮೂಲೆಯಲ್ಲಿ ಇನ್ನೂ ಉಳಿದಿವೆ. ಅಲ್ಲಿ ಅವರು ಈಗ ಏನನ್ನೂ ಬಿತ್ತದೆ ಕೊಡ ಇಡುತ್ತಾರೆ.