ಅಳತೆಯೊಂದು, ಅರ್ಥವೆರಡು

ಅಂತರಜಾಲದ ಪುಟವು ಪುಸ್ತಕದ ಪುಟದಂತಲ್ಲ. ಪುಸ್ತಕವು ಅಚ್ಚುಕೂಟದಿಂದ ಹೊರಬಂದ ಮೇಲೆ ಅದರ ಸಾಲುಗಳು ಯಾರ ಕೈಯಲ್ಲಿಯೂ ಸ್ಥಳ ಬದಲಿಸುವುದಿಲ್ಲ. ಜಾಲದ ಪುಟವಾದರೋ ಓದುಗನ ಬಳಿಗೆ ಸೂಚನೆಗಳ ರೂಪದಲ್ಲಿ ಬರುತ್ತದೆ. 'ಈ ಶೀರ್ಷಿಕೆ ಇಷ್ಟು ದೊಡ್ಡದಿರಲಿ, ಈ ಅಂಕಣ ಇಷ್ಟು ಅಗಲವಿರಲಿ' ಎಂಬ ಸೂಚನೆಗಳನ್ನು ಓದಿ, ಪುಟವನ್ನು ತೆರೆಯ ಮೇಲೆ ರಚಿಸಿಕೊಡುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು.

ಒಂದೇ ಸೂಚನೆಯನ್ನು ಎರಡು ಬ್ರೌಸರುಗಳು ಎರಡು ಬಗೆಯಾಗಿ ಅರ್ಥಮಾಡಿಕೊಂಡರೆ ಅಕ್ಷರಗಳ ಮೇಲೆ ಅಕ್ಷರಗಳು ಬೀಳುತ್ತವೆ. ಅರ್ಜಿಯನ್ನು ಸಲ್ಲಿಸುವ ಗುಂಡಿಯೇ ಮರೆಯಾಗಬಹುದು. ಗುಂಡಿಯನ್ನು ಕಾಣದವನು ತನಗೇ ತಿಳಿವಳಿಕೆ ಸಾಲದೆಂದು ಭಾವಿಸಿ ಹಿಂದಿರುಗುತ್ತಾನೆ. ಆದುದರಿಂದ ಇದು ಕೇವಲ ಅಂದಚೆಂದದ ಮಾತಲ್ಲ.

ಇಂತಹ ಭೇದ ಹೇಗೆ ಹುಟ್ಟುತ್ತದೆ? ಬಡಗಿಯೊಬ್ಬನಿಗೆ 'ಒಂದು ಅಡಿ ಅಗಲದ ಚೌಕಟ್ಟು ಬೇಕು' ಎಂದು ಹೇಳಿದೆವೆನ್ನೋಣ. ಒಳಗಿನ ಚಿತ್ರ ಒಂದು ಅಡಿಯೋ, ಮರದ ಅಂಚೂ ಸೇರಿ ಒಂದು ಅಡಿಯೋ? ನಾವು ಸ್ಪಷ್ಟಪಡಿಸದಿದ್ದರೆ ಇಬ್ಬರು ಬಡಗಿಗಳು ಎರಡು ಅಳತೆಯ ಚೌಕಟ್ಟುಗಳನ್ನು ತಂದಾರು.

ಜಾಲಪುಟದಲ್ಲಿಯೂ ಹೀಗೆಯೇ ಆಯಿತು. 1996ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಒಕ್ಕೂಟವು ಪುಟಗಳ ವಿನ್ಯಾಸಕ್ಕಾಗಿ ಸಿಎಸ್‌ಎಸ್ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ಪೆಟ್ಟಿಗೆಯ ಅಗಲವೆಂದರೆ ಒಳಗಿನ ಬರಹದ ಅಗಲ ಮಾತ್ರ. ಸುತ್ತಲಿನ ತೆರಪೂ ಅಂಚೂ ಅದಕ್ಕೆ ಹೊರಗು. ಆದರೆ 1999ರಲ್ಲಿ ಹೊರಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಎಂಬ ಬ್ರೌಸರಿನ ವಿಂಡೋಸ್ ಆವೃತ್ತಿಯು ಇವೆಲ್ಲವನ್ನೂ ಸೇರಿಸಿಯೇ ಅಗಲವನ್ನು ಅಳೆಯುತ್ತಿತ್ತು.

ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ತೆರೆಯ ಮೇಲಿನ ಅಳತೆಯ ಮಾನ ಪಿಕ್ಸೆಲ್. 500 ಪಿಕ್ಸೆಲ್ ಅಗಲದ ಪುಟದಲ್ಲಿ 250ರ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಇರಿಸಬೇಕಾಗಿದೆ. ಪ್ರತಿಯೊಂದಕ್ಕೂ ಎಡಬಲಗಳಲ್ಲಿ 20ರ ತೆರಪು, 5ರ ಅಂಚು ಇವೆ. ಎಕ್ಸ್‌ಪ್ಲೋರರಿನ ಅಳತೆಯಲ್ಲಿ ಎರಡೂ ಸೇರಿ 500 ಆಗಿ ಸರಿಯಾಗಿ ಹಿಡಿಸುತ್ತವೆ. ನಿಯಮಾವಳಿಯ ಅಳತೆಯಲ್ಲಿ ಒಂದೊಂದೂ 300 ಆಗಿ ಒಟ್ಟು 600 ಆಗುತ್ತದೆ. ಎರಡನೆಯ ಅಂಕಣವು ಸ್ಥಳ ಸಾಲದೆ ಕೆಳಗೆ ಇಳಿಯುತ್ತದೆ.

ಇಂತಹ ದೋಷವನ್ನು ಕಂಡಾಗ ಅಂದಾಜಿನಿಂದ ಸಂಖ್ಯೆಗಳನ್ನು ತಿದ್ದುತ್ತ ಹೋಗುವುದು ಸುಲಭ. ಆದರೆ ಒಂದೆಡೆ ಸರಿಯಾದುದು ಇನ್ನೊಂದೆಡೆ ಕೆಡುತ್ತದೆ. ಜಾಣನಾದವನು ಮೊದಲು ಪುಟದ ಭಾಗಗಳನ್ನು ಒಂದೊಂದಾಗಿ ತೆಗೆದು, ದೋಷವು ಇನ್ನೂ ಕಾಣುವ ಅತಿ ಚಿಕ್ಕ ತುಣುಕನ್ನು ಉಳಿಸಿಕೊಳ್ಳುತ್ತಾನೆ. ಬಳಿಕ ಪ್ರತಿಯೊಂದು ಪೆಟ್ಟಿಗೆಯ ಒಳ ಅಗಲ, ತೆರಪು, ಅಂಚುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾನೆ. ಇಂದಿನ ಬ್ರೌಸರುಗಳಲ್ಲಿ ಇದಕ್ಕೆ ಬೇಕಾದ ಪರಿಶೀಲನಾ ಸಾಧನಗಳು ಅಡಕವಾಗಿಯೇ ಇವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎಲ್ಲ ಬ್ರೌಸರುಗಳಲ್ಲಿಯೂ ಪರೀಕ್ಷಿಸಿ ಮುಂದಡಿಯಿಡುತ್ತಾನೆ.

2001ರ ಎಕ್ಸ್‌ಪ್ಲೋರರ್ 6 ಒಂದು ಸಂಧಾನಮಾರ್ಗವನ್ನು ಅನುಸರಿಸಿತು. ಪುಟದ ಮೊದಲಲ್ಲಿ ತಕ್ಕ ಘೋಷಣೆಯ ಸಾಲಿದ್ದರೆ ನಿಯಮಾವಳಿಯ ಅಳತೆ. ಇಲ್ಲವಾದರೆ, ಹಿಂದಿನ ಪುಟಗಳು ಕೆಡದಿರಲೆಂದು, ಹಳೆಯ ಅಳತೆ. ಮುಂದೆ ನಿಯಮಾವಳಿಯಲ್ಲಿಯೇ ಬಾಕ್ಸ್-ಸೈಜಿಂಗ್ ಎಂಬ ಸೂಚನೆ ಸೇರಿತು. ಎರಡರಲ್ಲಿ ಯಾವ ಅಳತೆ ಬೇಕೆಂಬುದನ್ನು ಪುಟವನ್ನು ರಚಿಸುವವನೇ ಇದರಿಂದ ತಿಳಿಸಬಹುದು. ಸ್ವಾರಸ್ಯದ ಸಂಗತಿಯೆಂದರೆ, ಒಮ್ಮೆ ದೋಷವೆನಿಸಿದ್ದ ಅಂಚು ಸೇರಿದ ಅಳತೆಯನ್ನೇ ಇಂದು ಅನೇಕರು ಅನುಕೂಲವೆಂದು ಆರಿಸಿಕೊಳ್ಳುತ್ತಾರೆ.

ಹಾಗಾದರೆ ತಪ್ಪು ಎಲ್ಲಿತ್ತು? ಎರಡು ಅಳತೆಗಳಲ್ಲಿ ಯಾವುದೂ ಅಸತ್ಯವಲ್ಲ. ಯಾವ ಅಳತೆಯೆಂದು ಹೇಳದೆ ಅಳೆದುದರಲ್ಲಿ ತಪ್ಪಿತ್ತು. ಒಂದೇ ಮಾತನ್ನು ಹಲವರು ಓದುವಲ್ಲಿ ಅದರ ಅರ್ಥವನ್ನು ಮೊದಲೇ ಒಪ್ಪಿಕೊಂಡಿರಬೇಕು. ಯಾವ ಬ್ರೌಸರಿನಿಂದ ಬಂದ ಓದುಗನಿಗೂ ಪುಟವು ಬಾಗಿಲು ತೆರೆಯುವುದು ಆಗಲೇ.