ಅಂಕ ಹಾಕುವವನ ಗಂಟೇನು ಹೋಗುತ್ತದೆ?

ದುಡ್ಡು ತಗೊಂಡು ಚಿತ್ರಕಥೆ ಓದಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ವ್ಯವಹಾರದಲ್ಲಿ ಅಂಕ ಕಡಿಮೆ ಬಂದರೆ ಬರೆದವರು ಓದಿದವನ ಮೇಲೆ ಹರಿಹಾಯುತ್ತಾರೆ: ಪೂರ್ತಿ ಓದಿಲ್ಲ, ಬೇಕಂತಲೇ ಕಡಿಮೆ ಹಾಕಿದ್ದಾನೆ ಎಂದು. ಬರೆಯುವುದು, ಬೇರೆಯವರದ್ದು ಓದುವುದು ಎರಡನ್ನೂ ಮಾಡಿದ ಮೇಲೆ ನನಗೆ ಆ ದೂರಿನಲ್ಲಿ ಹೆಚ್ಚು ನಂಬಿಕೆ ಉಳಿದಿಲ್ಲ. ಓದುವವ ಪ್ರಾಮಾಣಿಕನೇ ಇರಲಿ. ಅವನ ತೀರ್ಪು ತಪ್ಪಾದರೆ ನಷ್ಟ ಯಾರಿಗೆ ಎಂಬುದು ನನ್ನ ತಕರಾರು. ನಮ್ಮ ಬಾಗಲಕೋಟೆ ಸೀಮೆಯ ಕಂಪನಿ ನಾಟಕದಲ್ಲಿ ಈ ಲೆಕ್ಕ ಸ್ಪಷ್ಟವಿತ್ತು. ಹುನಗುಂದದ ಕಡೆಯ ಕಂದಗಲ್ಲ ಹನುಮಂತರಾಯರಾಗಲಿ, ಸೂಳೇಬಾವಿಯ ಪಿ.ಬಿ. ಧುತ್ತರಗಿಯವರಾಗಲಿ ಬರೆದದ್ದನ್ನು ಒಪ್ಪಿಕೊಂಡ ಮಾಲೀಕ ಪರದೆ ಬರೆಸಬೇಕು, ಕಲಾವಿದರಿಗೆ ಪಗಾರ ಕೊಡಬೇಕು, ಜಾಗದ ಬಾಡಿಗೆ ಕಟ್ಟಬೇಕು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಥೇಟರು ಹಾಕುವ ಕಂಪನಿಗಳಿಗೆ ಇವತ್ತಿಗೂ ಇದೇ ಪಾಡು: ಆಟ ಬಿದ್ದರೆ ಮಾಲೀಕನೂ ಬಿದ್ದ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಗುವ ಹೊತ್ತಿಗೆ ಟಿಕೆಟ್ ಕೊಂಡ ಜನ ಅದಕ್ಕೆ ತೀರ್ಪು ಕೊಟ್ಟಾಗಿತ್ತು. ಶುಲ್ಕ ಪಡೆದು ಓದುವವನಿಗೆ ಎಂಟು ಹಾಕಿದರೂ ಅಷ್ಟೇ, ಮೂರು ಹಾಕಿದರೂ ಅಷ್ಟೇ.

ಅಮೆರಿಕದ ಫ್ರಾಂಕ್ಲಿನ್ ಲಿಯೊನಾರ್ಡ್ 2005ರಲ್ಲಿ ಶುರು ಮಾಡಿದ ‘ಬ್ಲ್ಯಾಕ್ ಲಿಸ್ಟ್’ ಮೊದಲು ಚಿತ್ರೋದ್ಯಮದವರೇ ಮೆಚ್ಚಿದ ಚಿತ್ರಕಥೆಗಳ ಪಟ್ಟಿಯಾಗಿತ್ತು; ಬರೆದವರಿಂದ ಹಣ ಪಡೆದು ಅಂಕ ಕೊಡುವ ಸೇವೆ ಬಂದದ್ದು 2012ರಲ್ಲಿ. ಮೊದಲಿನದು ಹಲವರ ಒಲವಿನ ಮೊತ್ತ, ಎರಡನೆಯದು ಹೆಸರು ಗೊತ್ತಿಲ್ಲದ ಒಬ್ಬನ ಒಂದು ಓದು. ಹೆಸರು ಒಂದೇ ಆದರೂ ಎರಡರ ತೂಕ ಒಂದೇ ಅಲ್ಲ. ನಮ್ಮಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. “ನೀ ಹೋಗಾಂವ ಇದ್ರ ಹೋಗು, ನಾ ಬರಂಗಿಲ್ಲ” ಎಂಬ ಮಾತು ಸಿಟ್ಟೋ ಸಲಿಗೆಯೋ ಎಂದು ಇಳಕಲ್ಲಿನವನಿಗೆ ಹಿಂದಿನ ಎರಡು ಸಾಲು ಓದಿದರೆ ತಿಳಿಯುತ್ತದೆ. ಆ ಭಾಷೆ ಕಿವಿಗೆ ಬೀಳದ ಊರಲ್ಲಿ ಕೂತವನು ‘ಸಂಭಾಷಣೆ ಒರಟು’ ಎಂದು ಬರೆದು ಒಂದು ಅಂಕ ಕಳೆದಾನು. ಅದು ಮೋಸವಲ್ಲ, ಆದರೆ ಕಳೆದ ಅಂಕ ಕಳೆದದ್ದೇ. ಇಳಕಲ್ ಸೀರೆ ಪರೀಕ್ಷಿಸುವವರು ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಬೆಳಕಿಗೆ ಹಿಡಿದು, ಎಳೆ ಸಡಿಲಿದ್ದರೆ ಅಲ್ಲೇ ಬೆರಳಿಟ್ಟು ತೋರಿಸುತ್ತಾರೆ. ನೇಕಾರ ವಾದ ಮಾಡಬಹುದು, ತಿದ್ದಲೂಬಹುದು. ‘ಪಾತ್ರಪೋಷಣೆ: ಐದು’ ಎಂದರೆ ವಾದಕ್ಕೂ ದಾರಿಯಿಲ್ಲ, ತಿದ್ದುವುದಕ್ಕೂ ದಾರಿಯಿಲ್ಲ.

ಟಿಕೆಟ್ಟಿನ ತೀರ್ಪೇನು ದೇವರ ತೀರ್ಪೇ ಎಂದು ಕೇಳುವವರಿದ್ದಾರೆ. ಅಲ್ಲ. ಗಲ್ಲಾಪೆಟ್ಟಿಗೆಯ ಆಸೆಗೆ ಬಿದ್ದು ಎಷ್ಟೋ ಕಂಪನಿಗಳು ದ್ವಂದ್ವಾರ್ಥದ ಮಾತಿಗೇ ಜೋತುಬಿದ್ದದ್ದು ಸುಳ್ಳಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹುನಗುಂದದಲ್ಲಿ ಕೂತು ಬರೆಯುವ ಹುಡುಗಿಗೆ ಗಾಂಧಿನಗರದಲ್ಲಿ ಪರಿಚಯದವರಿಲ್ಲ, ಹಣ ಕೊಟ್ಟಾದರೂ ಒಬ್ಬರು ಓದಿದರೆ ಅದೇ ಅವಳಿಗೆ ಬಾಗಿಲು. ಇದನ್ನು ನಾನು ಒಪ್ಪುತ್ತೇನೆ. ಹಾಗಾಗಿ ಶುಲ್ಕವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಓದುವುದೂ ದುಡಿಮೆ, ಬಿಟ್ಟಿ ಮಾಡಿಸಬಾರದು. ಆದರೆ ಕೊಂಡದ್ದು ಅಭಿಪ್ರಾಯವಾಗಿರಲಿ, ಪ್ರವೇಶದ ಚೀಟಿ ಆಗದಿರಲಿ. ಅಂಕದ ಮೇಲೆ ಅವಳ ಅವಕಾಶ ನಿಲ್ಲುವುದಾದರೆ ಹೆಸರು ಮುಚ್ಚಿ ಇಬ್ಬರು ಓದಲಿ, ಒಬ್ಬರಾದರೂ ಆ ಕಡೆಯ ಮಾತು ಬಲ್ಲವರಿರಲಿ. ಇಬ್ಬರ ಅಂಕಕ್ಕೂ ತೀರಾ ಅಂತರ ಬಂದರೆ ಮೂರನೆಯವರ ಓದಿನ ಖರ್ಚು ಸಂಸ್ಥೆಯದು. ಆ ಖರ್ಚು ತಮ್ಮ ತಲೆಗೆ ಬರುತ್ತದೆ ಎಂದಾದಾಗ ಓದುಗರನ್ನು ಆರಿಸುವಾಗಲೇ ಸಂಸ್ಥೆಯವರು ಎಚ್ಚರ ವಹಿಸುತ್ತಾರೆ.