ಅಳುತ್ತಲೇ ಪ್ರಾರ್ಥಿಸಿ

ಪ್ರಿಯ ಸಹೋದರಿ,

ಯಜಮಾನರ ಕೆಲಸ ಹೋಗಿದೆ, ಮಗಳ ಶಾಲೆಯ ಫೀಸು ಬಾಕಿ ಇದೆ, ಪ್ರಾರ್ಥನೆಗೆ ಕೂತರೆ ಬರೀ ಅಳು ಬರುತ್ತದೆ ಎಂದು ಬರೆದಿದ್ದೀರಿ. ನಿಮ್ಮ ವಿಶ್ವಾಸ ಸಾಲದು ಎಂದವರ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯೋಬನ ಸ್ನೇಹಿತರೂ ತಪ್ಪೆಲ್ಲ ಅವನದೇ ಎಂದಿದ್ದರು. ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆ.

ಬೈಬಲಿನ ಪ್ರಲಾಪಗಳ ಗ್ರಂಥ ಓದಿ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ಮೇಲಿನ ಗೋಳು ಅದು. ದೇವರ ನಂಬಿಗಸ್ತಿಕೆಯನ್ನು ನೆನೆಯುವ ಮಾತು ಬರುವುದು 5 ಅಧ್ಯಾಯಗಳ ನಟ್ಟನಡುವೆ, ಮೂರನೆಯದರಲ್ಲಿ. ಮುಂದಿನ ಅಧ್ಯಾಯದಲ್ಲೂ ಮಕ್ಕಳು ರೊಟ್ಟಿಗಾಗಿ ಅಳುತ್ತಿದ್ದಾರೆ. ಊರು ಇನ್ನೂ ಪಾಳುಬಿದ್ದಿರುವಾಗಲೇ ಆ ಭರವಸೆ ಹುಟ್ಟಿತು. ನನಗಂತೂ ಇದೇ ದೊಡ್ಡ ಧೈರ್ಯ.

ಫೀಸಿನ ವಿಷಯವನ್ನು ಸಭಾಪಾಲಕರಿಗೂ ಶಾಲೆಯವರಿಗೂ ಈ ವಾರವೇ ತಿಳಿಸಿ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಪೌಲನು ಗಲಾತ್ಯದವರಿಗೆ ಬರೆದಿದ್ದಾನೆ. ಸಹಾಯ ಬಂದರೆ ಸಂಕೋಚಪಡದೆ ತೆಗೆದುಕೊಳ್ಳಿ.